ಎಡಿಸನ್ ಕರೆಂಟ್ ಒಂದೂವರೆ ಕಿ.ಮೀ. ದಾಟಲಿಲ್ಲ, ಶಿವನಸಮುದ್ರದ್ದು ಕೆಜಿಎಫ್‌ವರೆಗೆ ಹೇಗೆ ಹೋಯಿತು?

ಸೀರಿಯಲ್_ಸೆಟ್

ನಮಸ್ಕಾರ. ನಾನು ಕಾಮರ್ಸ್ ಓದಿದವನು. ಫಿಸಿಕ್ಸ್ ಸಹವಾಸ ಹತ್ತನೇ ಕ್ಲಾಸಿಗೇ ಮುಗಿದಿದೆ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳಿ.

ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ಕ್ವಿಜ್ ಮಾಡಿಸುವ ಕೆಲಸ ನನ್ನ ತಲೆಗೆ ಬಂದಿದೆ. ಕರೆಂಟಿನ ಬಗ್ಗೆ ಒಂದು ರೌಂಡ್ ಇಡೋಣ ಅಂತ ಹುಡುಕಿದರೆ ಒಂದಕ್ಕೊಂದು ತಾಳೆಯೇ ಆಗುತ್ತಿಲ್ಲ. ವಾಟ್ಸಾಪಿನಲ್ಲಿ ಬರುವ ಮೆಸೇಜಿನಲ್ಲೆಲ್ಲ "ಏಷ್ಯಾದಲ್ಲೇ ಮೊದಲು ಕರೆಂಟ್ ದೀಪ ಹತ್ತಿದ ಊರು ಬೆಂಗಳೂರು, 1905" ಅಂತ ಇದೆ. ಇನ್ನೊಂದು ಕಡೆ ನೋಡಿದರೆ ಶಿವನಸಮುದ್ರದಲ್ಲಿ 1902ಕ್ಕೇ ಕರೆಂಟ್ ಶುರುವಾಗಿದೆ, ಆದರೆ ಬೆಂಗಳೂರನ್ನು ಬಿಟ್ಟು ಸೀದಾ ಕೋಲಾರದ ಚಿನ್ನದ ಗಣಿಗೆ ಹೋಗಿದೆ. 147 ಕಿ.ಮೀ. ದೂರ! ಎಡಿಸನ್ 1882ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ಸ್ಟೇಷನ್ನಿನಿಂದ ಒಂದೂವರೆ ಕಿ.ಮೀ. ಆಚೆಗೆ ಕರೆಂಟ್ ಕಳಿಸುವುದೇ ಕಷ್ಟವಾಗಿತ್ತಂತೆ. ಇಪ್ಪತ್ತು ವರ್ಷದಲ್ಲಿ ಅಂಥದ್ದೇನಾಯಿತು? ತಂತಿ ಬದಲಾಯಿತಾ, ಕರೆಂಟೇ ಬದಲಾಯಿತಾ?

ಹಾಗೇ ಬಲ್ಬ್ ಕಂಡುಹಿಡಿದವನು ಎಡಿಸನ್ ಅಂತ ಉತ್ತರ ಬರೆದುಕೊಂಡರೆ ಯಾರಾದರೂ ಎದ್ದು ಜಗಳಕ್ಕೆ ಬರುತ್ತಾರಾ? ಕ್ವಿಜ್ಜಿಗೆ ಬರುವವರಲ್ಲಿ ಒಬ್ಬರು ರಿಟೈರ್ಡ್ ಪ್ರೊಫೆಸರ್ ಇದ್ದಾರೆ, ಅವರದ್ದೇ ಭಯ.

---

ರಂಗದ_ಬೆಳಕು

ಜಗಳಕ್ಕೆ ಬರುತ್ತಾರೆ, ಬರಲೇಬೇಕು. ನಾನು ಹವ್ಯಾಸಿ ನಾಟಕಗಳಿಗೆ ಲೈಟಿಂಗ್ ಮಾಡುವವನು, ಹಾಗಾಗಿ ಈ ಕಥೆಯನ್ನು ನಾಟಕದ ಕಡೆಯಿಂದಲೇ ಹೇಳುತ್ತೇನೆ.

ಎಡಿಸನ್ ಹುಟ್ಟುವ ಮೊದಲೇ ಕರೆಂಟ್ ಬೆಳಕು ಇತ್ತು. ಲಂಡನ್ನಿನಲ್ಲಿ ಹಂಫ್ರಿ ಡೇವಿ 1800ರ ನಂತರದ ಮೊದಲ ದಶಕದಲ್ಲೇ ದೊಡ್ಡ ಬ್ಯಾಟರಿ ಕಟ್ಟಿ, ಎರಡು ಇದ್ದಿಲ ತುಂಡುಗಳ ನಡುವೆ ಕಿಡಿ ನಿಲ್ಲಿಸಿ ತೋರಿಸಿದ್ದ. ಅದೇ ಆರ್ಕ್ ದೀಪ. ಅದರ ಬೆಳಕು ಕಣ್ಣು ಕುಕ್ಕುವಷ್ಟು, ಮೇಲೆ ಸದ್ದು, ವಾಸನೆ ಬೇರೆ. ಬೀದಿಗೆ ಸರಿ, ಅಡುಗೆ ಮನೆಗಾಗುವುದಿಲ್ಲ. ರಷ್ಯಾದ ಯಾಬ್ಲೊಚ್ಕೋವ್ 1876ರಲ್ಲಿ ಮಾಡಿದ ಆರ್ಕ್ ಕ್ಯಾಂಡಲ್‌ಗಳು 1878ಕ್ಕೆ ಪ್ಯಾರಿಸ್ಸಿನ ಬೀದಿಯಲ್ಲಿ ಉರಿದವು. ಇದರಲ್ಲೊಂದು ಮಜಾ ಇದೆ. ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟ್) ಕೊಟ್ಟರೆ ಎರಡು ಕಡ್ಡಿಗಳಲ್ಲಿ ಒಂದು ಇನ್ನೊಂದಕ್ಕಿಂತ ಬೇಗ ಸವೆಯುತ್ತಿತ್ತು. ಎರಡೂ ಸಮವಾಗಿ ಸವೆಯಲಿ ಅಂತ ಎಸಿ (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್) ಕೊಟ್ಟರು. ಎಸಿ-ಡಿಸಿ ಜಗಳ ಶುರುವಾಗುವ ಮೊದಲೇ ಎಸಿ ಬೀದಿಗೆ ಬಂದಾಗಿತ್ತು ನೋಡಿ.

ಗಾಜಿನ ಬುರುಡೆಯೊಳಗೆ ಎಳೆ ಕಾಯಿಸಿ ಬೆಳಕು ಮಾಡುವ ಪ್ರಯತ್ನವನ್ನೂ ತುಂಬಾ ಜನ ಮಾಡಿದ್ದರು. ಎಲ್ಲರಿಗೂ ಒಂದೇ ತೊಂದರೆ: ಒಳಗೆ ಗಾಳಿ ಉಳಿದರೆ ಕಾರ್ಬನ್ ಸುಟ್ಟು ಬೂದಿ. 1865ರಲ್ಲಿ ಸ್ಪ್ರೆಂಗೆಲ್ ಅನ್ನುವವನ ಪಾದರಸದ ಪಂಪ್ ಬಂದ ಮೇಲೇ ಬುರುಡೆಯಿಂದ ಗಾಳಿಯನ್ನು ಚೆನ್ನಾಗಿ ಎಳೆಯಲು ಸಾಧ್ಯವಾಯಿತು. ನನ್ನ ಲೆಕ್ಕದಲ್ಲಿ ಬಲ್ಬಿನ ಅರ್ಧ ಕ್ರೆಡಿಟ್ ಆ ಪಂಪಿಗೆ ಹೋಗಬೇಕು, ಆದರೆ ಪಂಪಿನ ಬಗ್ಗೆ ಯಾರು ಕ್ವಿಜ್ ಕೇಳುತ್ತಾರೆ!

ಇಂಗ್ಲೆಂಡಿನಲ್ಲಿ ಜೋಸೆಫ್ ಸ್ವಾನ್ 1879ರ ಆರಂಭದಲ್ಲೇ ತನ್ನ ಬಲ್ಬನ್ನು ಜನರೆದುರು ಉರಿಸಿ ತೋರಿಸಿದ. ಎಡಿಸನ್ನನ ಪ್ರಸಿದ್ಧ ಪ್ರಯೋಗ ಅದೇ ವರ್ಷ ಅಕ್ಟೋಬರಿನದು. ಕೊನೆಗೆ ಇಬ್ಬರೂ ಕೋರ್ಟಿಗೆ ಅಲೆಯುವ ಬದಲು ಬ್ರಿಟನ್ನಿನಲ್ಲಿ ಕಂಪನಿಯನ್ನೇ ಒಂದು ಮಾಡಿಕೊಂಡರು. ಅದರ ಹೆಸರೇ ಎಡಿಸ್ವಾನ್.

ಲಂಡನ್ನಿನ ಸವಾಯ್ ಥಿಯೇಟರ್ 1881ರಲ್ಲಿ ಸ್ವಾನ್ ಬಲ್ಬುಗಳಿಂದ ಬೆಳಗಿತು, ಸುಮಾರು 1,200 ಬಲ್ಬು. ಅಲ್ಲಿಯವರೆಗೆ ಗ್ಯಾಸ್ ದೀಪ. ಸೆಖೆ, ಹೊಗೆ, ಬೆಂಕಿ ಬೀಳುವ ಭಯ. ಆದರೆ ಕರೆಂಟ್ ಅಂದರೆ ಜನಕ್ಕೆ ಅದಕ್ಕಿಂತ ಹೆಚ್ಚಿನ ಭಯ. ಥಿಯೇಟರ್ ಮಾಲೀಕ ಡಾಯ್ಲಿ ಕಾರ್ಟ್ ಸ್ಟೇಜಿನ ಮೇಲೆ ಬಂದು, ಉರಿಯುತ್ತಿದ್ದ ಬಲ್ಬಿಗೆ ತೆಳುವಾದ ಮಸ್ಲಿನ್ ಬಟ್ಟೆ ಸುತ್ತಿ, ಎಲ್ಲರೆದುರು ಅದನ್ನು ಒಡೆದ. ದೀಪ ಆರಿತು, ಬಟ್ಟೆ ಸುಡಲಿಲ್ಲ. ಆ ಬಟ್ಟೆಯನ್ನು ಎತ್ತಿ ತೋರಿಸಿದಾಗ ಚಪ್ಪಾಳೆ. ನಿಮ್ಮ ಕ್ವಿಜ್ಜಿಗೆ ಇದನ್ನು ಹಾಕಿ, "ಬಲ್ಬ್ ಕಂಡುಹಿಡಿದವರು ಯಾರು" ಅನ್ನುವ ಪ್ರಶ್ನೆಯನ್ನೇ ಬಿಡಿ.

---

ಹಳೇ_ಲೈನ್_ಇನ್ಸ್‌ಪೆಕ್ಟರ್

ಮೇಲಿನವರು ಹೇಳಿದ್ದು ಸರಿ. ಆದರೆ ಎಡಿಸನ್ನನನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ. ಸ್ವಾನ್ ಮೊದಲು ಮಾಡಿದ್ದು ದಪ್ಪ ಕಾರ್ಬನ್ ಕಡ್ಡಿಯ ಬಲ್ಬು. ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಕಡಿಮೆ, ಹಾಗಾಗಿ ಕರೆಂಟ್ ಜಾಸ್ತಿ ಎಳೆಯುತ್ತದೆ. ಒಂದು ಮನೆಗೆ ಸರಿ. ಒಂದು ಊರಿಗೆ ಅಂಥ ಬಲ್ಬು ಹಾಕಿದರೆ ತಂತಿಗೆ ಬೇಕಾಗುವ ತಾಮ್ರ ತರಲು ಬ್ಯಾಂಕ್ ದರೋಡೆ ಮಾಡಬೇಕು. ಎಡಿಸನ್ ಬಲ್ಬಿಗಿಂತ ಮೊದಲು ತಾಮ್ರದ ಬಿಲ್ ಲೆಕ್ಕ ಹಾಕಿದ. ಎಳೆ ಸಣ್ಣಗಿರಬೇಕು, ರೆಸಿಸ್ಟೆನ್ಸ್ ನೂರು ಓಮ್ ಮೀರಬೇಕು, ಎಲ್ಲ ಬಲ್ಬೂ ಪ್ಯಾರಲಲ್‌ನಲ್ಲಿರಬೇಕು, ಒಂದು ಆರಿದರೆ ಇನ್ನೊಂದು ಆರಬಾರದು. ಈ ನಾಲ್ಕನ್ನೂ ಒಟ್ಟಿಗೆ ಯೋಚಿಸಿದವನು ಅವನೇ. ಆಮೇಲೆ ಜಪಾನಿನ ಬಿದಿರಿನ ಎಳೆ ಸುಟ್ಟು ಮಾಡಿದ ಫಿಲಮೆಂಟ್ ಸಾವಿರ ಗಂಟೆ ದಾಟಿ ಉರಿಯಿತು.

1882ರ ಸೆಪ್ಟೆಂಬರ್ 4ಕ್ಕೆ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ಸ್ಟೇಷನ್ ಶುರು. 110 ವೋಲ್ಟ್ ಡಿಸಿ, ಮೊದಲ ದಿನ ಸುಮಾರು 400 ದೀಪ. ನನ್ನಂಥವರಿಗೆ ಅಲ್ಲಿ ತುಂಬಾ ಇಷ್ಟವಾಗುವುದು ಮೀಟರ್. ಮುಳ್ಳಿಲ್ಲ, ಚಕ್ರವಿಲ್ಲ. ಒಂದು ಗಾಜಿನ ಜಾಡಿ, ಅದರಲ್ಲಿ ಜಿಂಕ್ ಸಲ್ಫೇಟ್ ದ್ರಾವಣ, ಎರಡು ಸತುವಿನ ತಗಡು. ಮನೆಗೆ ಹೋಗುವ ಕರೆಂಟಿನ ಒಂದು ಸಣ್ಣ ಪಾಲು ಅದರ ಮೂಲಕ ಹಾಯುತ್ತದೆ. ಹಾದಷ್ಟೂ ಒಂದು ತಗಡಿನ ಸತು ಕರಗಿ ಇನ್ನೊಂದಕ್ಕೆ ಹತ್ತುತ್ತದೆ. ತಿಂಗಳಿಗೊಮ್ಮೆ ಕಂಪನಿಯವನು ಬಂದು ತಗಡು ಬಿಚ್ಚಿಕೊಂಡು ಹೋಗಿ ತೂಕ ಹಾಕುವುದು, ಆ ತೂಕಕ್ಕೆ ಬಿಲ್ಲು! ಚಳಿಗಾಲದಲ್ಲಿ ದ್ರಾವಣ ಹೆಪ್ಪುಗಟ್ಟಬಾರದು ಅಂತ ಪೆಟ್ಟಿಗೆಯೊಳಗೆ ಒಂದು ಬಲ್ಬೂ ಇಡುತ್ತಿದ್ದರು, ಚಳಿ ಜಾಸ್ತಿಯಾದರೆ ಅದು ತಾನಾಗಿಯೇ ಹತ್ತುತ್ತಿತ್ತು. ಬಿಲ್ ಜಾಸ್ತಿ ಬಂತು ಅಂತ ಆಗಿನ ಜನ ಹೇಗೆ ಜಗಳ ಆಡುತ್ತಿದ್ದರೋ, ತಕ್ಕಡಿ ಸರಿಯಿಲ್ಲ ಅಂತಲೇ ಇರಬೇಕು.

ಈಗ ದೂರದ ವಿಷಯ. ಹಳ್ಳಿಯಲ್ಲಿ ಸಂಜೆ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾದರೆ ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರದ ಮನೆಯಲ್ಲಿ ಲೈಟ್ ಚೆನ್ನಾಗಿರುತ್ತದೆ, ಲೈನಿನ ಕೊನೆಯ ಮನೆಯಲ್ಲಿ ಬುರುಡೆ ಬಲ್ಬು ಕೆಂಪಗೆ ಮಿಣುಗುಡುತ್ತದೆ, ನೋಡಿದ್ದೀರಾ? ಅದೇ ಎಡಿಸನ್ನನ ಸಮಸ್ಯೆ. ತಂತಿಯಲ್ಲಿ ಕರೆಂಟ್ ಹೋಗುತ್ತಾ ಹೋಗುತ್ತಾ ವೋಲ್ಟೇಜನ್ನು ತಂತಿಯೇ ತಿನ್ನುತ್ತದೆ. ಇದಕ್ಕೆ ಮದ್ದು ವೋಲ್ಟೇಜ್ ಏರಿಸಿ ಕಳಿಸುವುದು. ಆಗಿನ ಕಾಲಕ್ಕೆ ಡಿಸಿಯಲ್ಲಿ ಏರಿಸಿ ಇಳಿಸುವ ಸುಲಭ ದಾರಿ ಇರಲಿಲ್ಲ, ಎಸಿಯಲ್ಲಿ ಇತ್ತು. 1885ರಲ್ಲಿ ಬುಡಾಪೆಸ್ಟಿನ ಗಾಂಜ್ ಕಂಪನಿಯ ಮೂವರು ಇಂಜಿನಿಯರುಗಳು ವೋಲ್ಟೇಜ್ ಏರಿಸಿ ಇಳಿಸುವ ಒಳ್ಳೆಯ ಟ್ರಾನ್ಸ್‌ಫಾರ್ಮರ್ ಮಾಡಿದರು. 1891ರಲ್ಲಿ ಜರ್ಮನಿಯಲ್ಲಿ ಲಾಫನ್‌ನಿಂದ ಫ್ರಾಂಕ್‌ಫರ್ಟಿಗೆ 175 ಕಿ.ಮೀ. ತ್ರೀ ಫೇಸ್ ಕರೆಂಟ್ ಕಳಿಸಿ ತೋರಿಸಿದರು. 1896ಕ್ಕೆ ನಯಾಗರದಿಂದ ಬಫಲೋ. ಅದಾಗಿ ಆರನೇ ವರ್ಷಕ್ಕೆ ನಮ್ಮ ಶಿವನಸಮುದ್ರ. 30ರಿಂದ 35 ಸಾವಿರ ವೋಲ್ಟ್ ಮಟ್ಟದ ಲೈನು.

---

ಸೀರಿಯಲ್_ಸೆಟ್

ಆಹಾ, ತಗಡಿನ ಮೀಟರ್ ಸೂಪರ್ ಸರ್. ಆದರೆ ಒಂದು ಕಡೆ ಸಿಕ್ಕಿಹಾಕಿಕೊಂಡೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು V = IR, ಅಂದರೆ ವೋಲ್ಟೇಜ್ = ಕರೆಂಟ್ × ರೆಸಿಸ್ಟೆನ್ಸ್. ವೋಲ್ಟೇಜ್ ಜಾಸ್ತಿಯಾದರೆ ಕರೆಂಟೂ ಜಾಸ್ತಿ ಆಗಬೇಕು. ಕರೆಂಟ್ ಜಾಸ್ತಿಯಾದರೆ ತಂತಿ ಇನ್ನೂ ಬಿಸಿ ಆಗಬೇಕು. ನೀವು ನೋಡಿದರೆ ವೋಲ್ಟೇಜ್ ಏರಿಸಿದರೆ ನಷ್ಟ ಕಡಿಮೆ ಅನ್ನುತ್ತೀರಿ. ಎಲ್ಲಿ ತಪ್ಪಿದೆ?

---

ಪಿಯು_ಮೇಷ್ಟ್ರು

ಇದು ಪ್ರತಿ ವರ್ಷ ಬರುವ ಪ್ರಶ್ನೆ. ಕೇಳದ ಹುಡುಗರು ಅರ್ಥ ಮಾಡಿಕೊಂಡಿಲ್ಲ ಅಂತಲೇ ನನ್ನ ಅನುಮಾನ. ಹೆಚ್ಚಿನ ಪುಸ್ತಕಗಳು "ಹೈ ವೋಲ್ಟೇಜಿನಲ್ಲಿ ನಷ್ಟ ಕಡಿಮೆ" ಅಂತ ಒಂದು ಸಾಲು ಬರೆದು ಮುಂದೆ ಓಡುತ್ತವೆ.

V = IR ನಲ್ಲಿ V ಅಂದರೆ ಯಾವುದರ ವೋಲ್ಟೇಜ್ ಅಂತ ಮೊದಲು ಕೇಳಿಕೊಳ್ಳಬೇಕು. R ಜಾಗದಲ್ಲಿ ತಂತಿಯ ರೆಸಿಸ್ಟೆನ್ಸ್ ಹಾಕಿದರೆ, V ಜಾಗದಲ್ಲಿ ಆ ತಂತಿಯ ಎರಡು ತುದಿಗಳ ನಡುವಿನ ವ್ಯತ್ಯಾಸವನ್ನೇ ಹಾಕಬೇಕು, ಸ್ಟೇಷನ್ನಿನ ಪೂರ್ತಿ 30,000 ವೋಲ್ಟನ್ನಲ್ಲ. ಪೂರ್ತಿ ವೋಲ್ಟೇಜಿನಲ್ಲಿ ಸ್ವಲ್ಪ ತಂತಿಯಲ್ಲಿ ಕಳೆಯುತ್ತದೆ, ಉಳಿದದ್ದು ಗಣಿಯ ಕಡೆ ಇರುವ ಟ್ರಾನ್ಸ್‌ಫಾರ್ಮರಿಗೆ ಸಿಗುತ್ತದೆ. ತಂತಿಯಲ್ಲಿ ಎಷ್ಟು ಕರೆಂಟ್ ಹರಿಯಬೇಕು ಅನ್ನುವುದನ್ನು ತೀರ್ಮಾನಿಸುವುದು ಗಣಿಗೆ ಎಷ್ಟು ಪವರ್ ಬೇಕು ಅನ್ನುವುದು. ಪವರ್ ಅಂದರೆ ವೋಲ್ಟ್ ಗುಣಿಸು ಆಂಪಿಯರ್. ಅಷ್ಟೇ ಪವರ್ ಬೇಕಾದಾಗ ವೋಲ್ಟ್ ಏರಿಸಿದರೆ ಆಂಪಿಯರ್ ಇಳಿಯುತ್ತದೆ. ತಂತಿಯಲ್ಲಿ ಬಿಸಿಯಾಗಿ ಹೋಗುವ ನಷ್ಟ I²R. ಆಂಪಿಯರ್ ಹತ್ತನೇ ಒಂದಾದರೆ ನಷ್ಟ ನೂರನೇ ಒಂದು.

ಲೆಕ್ಕ ಹಾಕಿಯೇ ನೋಡೋಣ. ಸುಲಭಕ್ಕೆ ಎರಡು ತಂತಿಯ ಲೈನ್ ಅಂದುಕೊಳ್ಳಿ. (ನಿಜವಾದ ಲೈನು ತ್ರೀ ಫೇಸ್, ಆದರೆ ತತ್ವ ಅದೇ.) 147 ಕಿ.ಮೀ. ಹೋಗಿ ಬರಲು 294 ಕಿ.ಮೀ. ತಂತಿ. 50 ಚದರ ಮಿ.ಮೀ. ದಪ್ಪದ ತಾಮ್ರ ಹಾಕಿದರೆ ಒಟ್ಟು ರೆಸಿಸ್ಟೆನ್ಸ್ ಸುಮಾರು 100 ಓಮ್.

ಇದಕ್ಕೆ ಎಡಿಸನ್ನನ 110 ವೋಲ್ಟ್ ಕೊಡಿ. ಕೆಜಿಎಫ್ ತುದಿಯಲ್ಲಿ ಎರಡೂ ತಂತಿ ಸೇರಿಸಿ ಶಾರ್ಟ್ ಮಾಡಿದರೂ ಹರಿಯುವುದು 1.1 ಆಂಪಿಯರ್! ಪವರ್ ಎಷ್ಟು? 121 ವ್ಯಾಟ್. ಅದೂ ಪೂರ್ತಿ ತಂತಿ ಕಾಯಿಸಲಿಕ್ಕೇ ಖರ್ಚು. ಗಣಿ ಹಾಗಿರಲಿ, ಮ್ಯಾನೇಜರ್ ಟೇಬಲ್ ಮೇಲೆ ಒಂದು ದೀಪವೂ ನೆಟ್ಟಗೆ ಉರಿಯುವುದಿಲ್ಲ.

ಅದೇ ತಂತಿಗೆ 30,000 ವೋಲ್ಟ್ ಕೊಟ್ಟು 1,000 ಕಿಲೋವ್ಯಾಟ್ ಕಳಿಸಿ. ಕರೆಂಟ್ 33 ಆಂಪಿಯರ್. ತಂತಿಯಲ್ಲಿ ಕಳೆಯುವುದು 3,300 ವೋಲ್ಟ್, ನಷ್ಟ ಸುಮಾರು 110 ಕಿಲೋವ್ಯಾಟ್. ನೂರಕ್ಕೆ ಹನ್ನೊಂದು ಹೋಯಿತು, ಎಂಬತ್ತೊಂಬತ್ತು ತಲುಪಿತು. ತಂತಿ ಅದೇ, ತಾಮ್ರ ಅದೇ. ನಿಮ್ಮ ಮೂಲ ಪ್ರಶ್ನೆಗೆ ಇದೇ ಉತ್ತರ.

ನೀರಿನ ಟ್ಯಾಂಕ್, ಪೈಪ್ ಅಂತ ಹೋಲಿಸಿ ಹೇಳುವವರಿದ್ದಾರೆ. ವೋಲ್ಟೇಜ್ ಅಂದರೆ ಟ್ಯಾಂಕಿನ ಎತ್ತರ, ಕರೆಂಟ್ ಅಂದರೆ ನೀರಿನ ಹರಿವು ಅನ್ನುವಷ್ಟಕ್ಕೆ ಅದು ಸರಿ. ಆದರೆ ಪೈಪ್ ತುಂಡಾದರೆ ನೀರು ಸುರಿಯುತ್ತದೆ, ತಂತಿ ತುಂಡಾದರೆ ಕರೆಂಟ್ ನಿಲ್ಲುತ್ತದೆ. ಹಾಗಾಗಿ ಅದನ್ನು ಬಹಳ ದೂರ ಎಳೆಯಬೇಡಿ.

---

ಫ್ಯೂಸ್_ಪುಟ್ಟಣ್ಣ

ಮೇಷ್ಟ್ರೇ, V = IR ಬಂದಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಮನೆಯಲ್ಲಿ ಹಳೇ 100 ವ್ಯಾಟಿನ ಬುರುಡೆ ಬಲ್ಬ್ ಇದ್ದರೆ, ಹೋಲ್ಡರಿನಿಂದ ಬಿಚ್ಚಿ ಮಲ್ಟಿಮೀಟರ್ ಹಿಡಿದು ನೋಡಿ. 40 ಓಮ್ ಆಸುಪಾಸು ತೋರಿಸುತ್ತದೆ. 230 ವೋಲ್ಟಿಗೆ ಲೆಕ್ಕ ಹಾಕಿದರೆ 5-6 ಆಂಪಿಯರ್, ಅಂದರೆ 1,300 ವ್ಯಾಟ್. ಇಸ್ತ್ರಿಪೆಟ್ಟಿಗೆಗಿಂತ ಜಾಸ್ತಿ! ಆದರೆ ಬಲ್ಬ್ ಮೇಲೆ ಬರೆದಿರುವುದು 100.

ಎರಡೂ ಸರಿ. ತಣ್ಣಗಿರುವಾಗ 40 ಓಮ್. ಉರಿಯುವಾಗ ಟಂಗ್‌ಸ್ಟನ್ ಎಳೆ 2,500 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತದೆ, ಆಗ ರೆಸಿಸ್ಟೆನ್ಸ್ 529 ಓಮ್. ಸ್ವಿಚ್ ಹಾಕಿದ ಕ್ಷಣ ತಣ್ಣಗಿನ ಎಳೆಗೆ ಹಲವು ಪಟ್ಟು ಕರೆಂಟ್ ನುಗ್ಗುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಬಿಸಿಯಾಗಿ ತಹಬಂದಿಗೆ ಬರುತ್ತದೆ. ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕಿದಾಗಲೇ "ಟಪ್" ಅಂತ ಹೋಗುವುದು ಇದಕ್ಕೇ. ಎಡಿಸನ್ ಕಾಲದ ಕಾರ್ಬನ್ ಎಳೆ ಇದಕ್ಕೆ ಉಲ್ಟಾ, ಕಾದಷ್ಟೂ ರೆಸಿಸ್ಟೆನ್ಸ್ ಇಳಿಯುತ್ತದೆ. ಟಂಗ್‌ಸ್ಟನ್ ಬಂದದ್ದು 1904ರ ಮೇಲೆ, ಅದನ್ನು ಎಳೆದು ತಂತಿ ಮಾಡುವ ದಾರಿಯನ್ನು ಅಮೆರಿಕದ ಕೂಲಿಡ್ಜ್ 1910ರ ಹೊತ್ತಿಗೆ ಕಂಡುಕೊಂಡ. ಅಷ್ಟೆಲ್ಲ ಆಗಿಯೂ ಬುರುಡೆ ಬಲ್ಬ್ ತಿನ್ನುವ ಕರೆಂಟಿನಲ್ಲಿ ನೂರಕ್ಕೆ ಐದು ಪಾಲಷ್ಟೇ ಬೆಳಕು, ಮಿಕ್ಕದ್ದೆಲ್ಲ ಬಿಸಿ. ಕೋಳಿ ಮರಿ ಸಾಕುವವರಿಗೆ ಮಾತ್ರ ಅದು ಲಾಭ.

ಕ್ವಿಜ್ಜಿಗೆ ಒಂದು ಪ್ರಶ್ನೆ ಕೊಡುತ್ತೇನೆ: 40 ವ್ಯಾಟ್, 100 ವ್ಯಾಟ್ ಎರಡು ಬುರುಡೆ ಬಲ್ಬುಗಳನ್ನು ಒಂದರ ಹಿಂದೊಂದು ಬರುವಂತೆ ಸೀರೀಸ್‌ನಲ್ಲಿ ಹಾಕಿದರೆ ಯಾವುದು ಜಾಸ್ತಿ ಉರಿಯುತ್ತದೆ? ಎಲ್ಲರೂ 100 ಅನ್ನುತ್ತಾರೆ. ಉತ್ತರ 40. ಸೀರೀಸ್‌ನಲ್ಲಿ ಎರಡಕ್ಕೂ ಕರೆಂಟ್ ಒಂದೇ, ರೆಸಿಸ್ಟೆನ್ಸ್ ಜಾಸ್ತಿ ಇದ್ದದ್ದು ಜಾಸ್ತಿ ಪವರ್ ತೆಗೆದುಕೊಳ್ಳುತ್ತದೆ. ನಿಮ್ಮ ಹೆಸರೇ ಸೀರಿಯಲ್ ಸೆಟ್, ಇಷ್ಟು ಗೊತ್ತಿರಬೇಕು ಅಲ್ವಾ 😄

---

ಚಾಂಪಿಯನ್_ರೀಫ್

ಕೆಜಿಎಫ್ ಹುಡುಗಿ ಇಲ್ಲಿದ್ದೇನೆ! ಕರೆಂಟ್ ಯಾಕೆ ಮೊದಲು ನಮ್ಮೂರಿಗೆ ಬಂತು ಅಂತ ಯಾರೂ ಹೇಳಲಿಲ್ಲ.

ಯಾಕೆಂದರೆ ದುಡ್ಡು ಕೊಡುವವರು ಅಲ್ಲಿದ್ದರು. ಜಾನ್ ಟೇಲರ್ ಅಂಡ್ ಸನ್ಸ್ ನೋಡಿಕೊಳ್ಳುತ್ತಿದ್ದ ಗಣಿಗಳು ಆಗ ಉಗಿಯಂತ್ರದಲ್ಲಿ ನಡೆಯುತ್ತಿದ್ದವು. ಸೌದೆ, ಕಲ್ಲಿದ್ದಲು ದೂರದಿಂದ ಬರಬೇಕು. ಚಿನ್ನ ಅಂದರೆ ಬಂಡೆಯೊಳಗಿನ ಪುಡಿ. ಆ ಬಂಡೆಯನ್ನು ಸ್ಟ್ಯಾಂಪ್ ಮಿಲ್ಲಿನಲ್ಲಿ ಹಗಲೂ ರಾತ್ರಿ ಕುಟ್ಟಬೇಕು, ನಿಲ್ಲಿಸುವ ಹಾಗಿಲ್ಲ. ಹಗಲೂ ರಾತ್ರಿ ಒಂದೇ ಸಮ ಕರೆಂಟ್ ಕೊಳ್ಳುವ ಗಿರಾಕಿ ಸಿಕ್ಕರೆ ಯಾವ ಸರ್ಕಾರ ಬಿಡುತ್ತದೆ? ಬೀದಿ ದೀಪ ಸಂಜೆ ಆರರಿಂದ ಬೆಳಗಿನವರೆಗೆ ಮಾತ್ರ, ಅದರಿಂದ ಹಣ ಹುಟ್ಟುವುದಿಲ್ಲ. ಮೈಸೂರು ಸರ್ಕಾರ ಗಣಿಗಳ ಜೊತೆ ಒಪ್ಪಂದ ಮಾಡಿಕೊಂಡೇ ಕೆಲಸಕ್ಕೆ ಕೈ ಹಾಕಿದ್ದು.

ದಿವಾನ್ ಶೇಷಾದ್ರಿ ಅಯ್ಯರ್ ಇದರ ಹಿಂದಿದ್ದವರು. ಇಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್, ಕೆನಡಾದ ಕ್ವಿಬೆಕ್ ಕಡೆಯವರು. ಜನರೇಟರ್ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು, ಟರ್ಬೈನ್ ಸ್ವಿಟ್ಜರ್ಲೆಂಡಿನ ಎಶರ್ ವಿಸ್‌ನದು. ಅವನ್ನೆಲ್ಲ ಆನೆ, ಗಾಡಿಗಳ ಮೇಲೆ ಕಾಡುದಾರಿಯಲ್ಲಿ ಸಾಗಿಸಿದರು. ಕಾವೇರಿ ಅಲ್ಲಿ ಸುಮಾರು 400 ಅಡಿ ಇಳಿಯುತ್ತದೆ. 720 ಕಿಲೋವ್ಯಾಟಿನ ಆರು ಯಂತ್ರ. 1902ರ ಜೂನ್ 30ಕ್ಕೆ ಕರೆಂಟ್ ಬಂತು. ಶೇಷಾದ್ರಿ ಅಯ್ಯರ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಮುಂದೆ ಬೇಸಿಗೆಯಲ್ಲಿ ಹೊಳೆ ಬತ್ತಿದರೂ ಗಣಿಗೆ ಕರೆಂಟ್ ನಿಲ್ಲಬಾರದು ಅನ್ನುವುದು ಕನ್ನಂಬಾಡಿ ಕಟ್ಟೆ ಕಟ್ಟಲು ಇದ್ದ ಕಾರಣಗಳಲ್ಲಿ ಒಂದು. ಮಂಡ್ಯದವರು ನಮಗೂ ಸ್ವಲ್ಪ ಥ್ಯಾಂಕ್ಸ್ ಹೇಳಬೇಕು, ಹೇಳುವುದಿಲ್ಲ.

ಪ್ರಪಂಚದಲ್ಲೇ ಅತಿ ಉದ್ದದ ಲೈನ್ ಅಂತ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ, ಅದನ್ನೂ ಕ್ವಿಜ್ಜಿಗೆ ಹಾಕಿ.

---

ಹಳೇ_ಲೈನ್_ಇನ್ಸ್‌ಪೆಕ್ಟರ್

ಮಗಳೇ, ಅದೊಂದನ್ನು ಹಾಕಿಸಬೇಡಮ್ಮ. ಪ್ರೊಫೆಸರ್ ಕಾಯುತ್ತಿರುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 1901ರಲ್ಲೇ ಕೋಲ್ಗೇಟ್ ಪವರ್ ಹೌಸಿನಿಂದ ಓಕ್ಲೆಂಡಿಗೆ 200 ಕಿ.ಮೀ. ಮೀರಿದ ಲೈನ್ ಓಡುತ್ತಿತ್ತು. "ಆ ಕಾಲದ ಅತಿ ಉದ್ದದ ಲೈನ್‌ಗಳಲ್ಲಿ ಒಂದು" ಅಂದರೆ ಯಾರೂ ಬೆರಳು ತೋರಿಸುವ ಹಾಗಿಲ್ಲ.

"ಏಷ್ಯಾದಲ್ಲೇ ಮೊದಲು ಬೆಂಗಳೂರು" ಕೂಡ ನಿಲ್ಲುವುದಿಲ್ಲ. ಶಾಂಘೈಯಲ್ಲೂ ಟೋಕಿಯೋದ ಗಿಂಜಾದಲ್ಲೂ 1882ಕ್ಕೇ ಆರ್ಕ್ ದೀಪ ಉರಿದಿವೆ. ನಮ್ಮ ದೇಶದಲ್ಲೇ ಡಾರ್ಜಿಲಿಂಗ್ ಹತ್ತಿರದ ಸಿದ್ರಾಪಾಂಗ್‌ನಲ್ಲಿ 1897ಕ್ಕೆ ಸಣ್ಣ ಜಲವಿದ್ಯುತ್ ಸ್ಟೇಷನ್ ಆಯಿತು, 1899ಕ್ಕೆ ಕಲ್ಕತ್ತದಲ್ಲಿ ಕಂಪನಿ ಕರೆಂಟ್ ಮಾರಲು ಶುರು ಮಾಡಿತು. ಬೆಂಗಳೂರಿಗೆ 1905ರ ಆಗಸ್ಟ್ 5, ಮೈಸೂರಿಗೆ 1908. ಸುಮ್ನೆ "ಮೊದಲು ಮೊದಲು" ಅಂತ ಹೇಳಿಕೊಂಡು, 1902ರಲ್ಲಿ ಒಂದು ಸಂಸ್ಥಾನ 147 ಕಿ.ಮೀ. ಲೈನ್ ಎಳೆಸಿದ್ದನ್ನು ನಾವೇ ಮರೆತಿದ್ದೇವೆ ಅನ್ನುವುದೇ ನನಗೆ ಬೇಜಾರು.

---

ಸೀರಿಯಲ್_ಸೆಟ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಏಷ್ಯಾ ಪ್ರಶ್ನೆ ತೆಗೆದೆ, ಸವಾಯ್ ಥಿಯೇಟರ್ ಹಾಕಿದೆ, 40 ವ್ಯಾಟ್ ಬಲ್ಬ್ ಟೈ ಬ್ರೇಕರ್. ಕೊನೆಯದೊಂದು: ಶಿವನಸಮುದ್ರದ ಕರೆಂಟ್ ಮೊದಲು 25 ಸೈಕಲ್ ಇತ್ತು ಅಂತ ಓದಿದೆ. ಈಗ 50 ಅಲ್ವಾ? ಅದರಿಂದ ಏನು ವ್ಯತ್ಯಾಸ?

---

ಪಿಯು_ಮೇಷ್ಟ್ರು

ನಿಜ, 25 ಇತ್ತು. ಸೈಕಲ್ ಅಂದರೆ ಎಸಿ ಕರೆಂಟ್ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹರಿದು ಮುಗಿಸುವ ಒಂದು ಸುತ್ತು; 25 ಅಂದರೆ ಸೆಕೆಂಡಿಗೆ ಅಂಥ 25 ಸುತ್ತು. ನಯಾಗರದಲ್ಲೂ ಅಷ್ಟೇ. ಆಗಿನ ದೊಡ್ಡ ಮೋಟಾರುಗಳಿಗೆ, ಉದ್ದದ ಲೈನಿಗೆ ಕಡಿಮೆ ಸೈಕಲ್ ಅನುಕೂಲವಾಗಿತ್ತು, ಗಣಿಗೆ ಬೇಕಾಗಿದ್ದೂ ಅದೇ. ದೀಪಕ್ಕೆ ಅಷ್ಟು ಒಳ್ಳೆಯದಲ್ಲ. ಒಂದು ಸೈಕಲ್ಲಿನಲ್ಲಿ ಕರೆಂಟ್ ಎರಡು ಸಲ ಸೊನ್ನೆಗೆ ಬರುತ್ತದೆ, ಹಾಗಾಗಿ 25 ಸೈಕಲ್ಲಿನಲ್ಲಿ ಬೆಳಕು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಎಳೆ ಸಣ್ಣಗಿದ್ದರೆ ಅದು ಬೇಗ ತಣ್ಣಗಾಗಿ ಕಣ್ಣಿಗೆ ಅದುರಿದ ಹಾಗೆ ಕಾಣುತ್ತದೆ. 50 ಸೈಕಲ್ಲಿನಲ್ಲಿ 100 ಸಲ, ಕಣ್ಣು ಹಿಡಿಯುವುದಿಲ್ಲ.

---

ಹಳೇ_ಲೈನ್_ಇನ್ಸ್‌ಪೆಕ್ಟರ್

ದೀಪ ಬಿಡಿ ಮೇಷ್ಟ್ರೇ, ಅದು ಹೇಗೋ ಉರಿಯುತ್ತದೆ. ತೊಂದರೆ ಆಗುವುದು ಕಬ್ಬಿಣದ ಕೋರ್ ಇರುವುದಕ್ಕೆ. 25ಕ್ಕೆ ಮಾಡಿದ ಮೋಟಾರನ್ನು 50ಕ್ಕೆ ಹಾಕಿದರೆ ಎರಡು ಪಟ್ಟು ಸ್ಪೀಡಿನಲ್ಲಿ ಓಡಲು ನೋಡುತ್ತದೆ. 50ಕ್ಕೆ ಮಾಡಿದ ಟ್ರಾನ್ಸ್‌ಫಾರ್ಮರನ್ನು ಅದೇ ವೋಲ್ಟೇಜಿನ 25ಕ್ಕೆ ಹಾಕಿದರೆ ಕೋರ್‌ಗೆ ಎರಡು ಪಟ್ಟು ಫ್ಲಕ್ಸ್ (ಕಾಂತೀಯ ಹರಿವು) ಹೊರುವ ಶಕ್ತಿ ಇರುವುದಿಲ್ಲ, ಲೋಡೇ ಇಲ್ಲದಿದ್ದರೂ ಸಿಕ್ಕಾಪಟ್ಟೆ ಕರೆಂಟ್ ಎಳೆದುಕೊಂಡು, ಗುಂಯ್‌ಗುಟ್ಟಿ, ಸ್ವಲ್ಪ ಹೊತ್ತಿಗೆ ಹೊಗೆ ಬಿಡುತ್ತದೆ. ಅದಕ್ಕೇ ನೇಮ್ ಪ್ಲೇಟ್ ಮೇಲೆ ವೋಲ್ಟ್ ಜೊತೆ ಸೈಕಲ್ಲನ್ನೂ ಕೆತ್ತಿರುತ್ತಾರೆ. ಹಳೇ ಮೋಟಾರು ಎಲ್ಲಾದರೂ ಸಿಕ್ಕರೆ ಮೊದಲು ಪ್ಲೇಟ್ ಒರೆಸಿ ಓದಿ, ಆಮೇಲೆ ಪ್ಲಗ್ ಹಾಕಿ.